ಮೂರು ಸೀಸೆ ರಾಗಿ ಸರಿ

ಕುಂಬಾರಕೊಪ್ಪಲು, ಮೈಸೂರು
೧೮-೫-೧೯೫೮, ಭಾನುವಾರ

ಮರಿಸ್ವಾಮಿಯ ತಂದೆಯವರಿಗೆ,

ಪ್ರೇಮಲೀಲಾ ಮಾಡುವ ನಮಸ್ಕಾರ. ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಸ್ಕೂಲಿನಲ್ಲಿ ಕಲಿಸಿದ್ದರು. ಮರಿ ಕ್ಷೇಮ. ನಿಮ್ಮ ತಾಯಿಯವರು ಕ್ಷೇಮ. ಉಳಿದವಳ ಸಮಾಚಾರ ಕೇಳಬೇಡಿ, ಅವಳಿಗೆ ಆಯಾಸವಾಗಿದೆ. ಊಟ ಮುಗಿದು ಅತ್ತೆಯವರೂ ಮರಿಯೂ ಒಂದೇ ಚಾಪೆಯ ಮೇಲೆ ಮಲಗಿದ್ದಾರೆ. ಇವತ್ತು ನನಗೆ ರಜ. ನೆನೆಹಾಕಿದ ಬಟ್ಟೆ ಬಚ್ಚಲಲ್ಲಿ ಕಾಯುತ್ತಿದೆ. ಕಾಯಲಿ ಎಂದು ಕಾಗದ ಹಿಡಿದು ಕೂತಿದ್ದೇನೆ.

ನೀವು ಗುಂಡ್ಲುಪೇಟೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀವಂತೂ ಒಂದು ಕಾರ್ಡನ್ನೂ ಹಾಕಲಿಲ್ಲ. ಮಾವನವರ ಮಂಡಿಗೆ ಜನ ಸಾಲದು, ದವಸದ ಲಾರಿಗಳು ಬರುವ ಕಾಲ ಎಂದು ಹೇಳಿ, ಬಟ್ಟೆ ಅಂಗಡಿಯ ಗುಮಾಸ್ತೆ ಕೆಲಸವನ್ನೂ ಬಿಟ್ಟು, ಟ್ರಂಕು ಹಿಡಿದು ಹೊರಟುಬಿಟ್ಟಿರಿ. ಆದರೂ ನಿಮ್ಮ ದನಿ ನನಗೆ ತಪ್ಪಿಲ್ಲ. ಮಂಡಿಯಿಂದ ಸಂತೆಪೇಟೆಯ ವ್ಯಾಪಾರಿಗಳಿಗೆ ಟ್ರಂಕ್ ಕಾಲ್ ಬಂದಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನ ಸರದಿಯಿದ್ದರೆ ನಾನೇ ತಂತಿ ಚುಚ್ಚಿ ಕೊಡುತ್ತೇನೆ. ನೀವು "ಹಲೋ, ಮೈಸೂರಾ?" ಅನ್ನುತ್ತೀರಿ. ನಾನು "ಮಾತಾಡಿ" ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತಾಡಲು ನಮಗೆ ಅಪ್ಪಣೆಯಿಲ್ಲ. ನನ್ನ ದನಿ ನಿಮಗೆ ಗುರುತು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಒಂದು ಸಲ ಮಾತ್ರ ನೀವು "ಹಲೋ" ಎಂದು ಮತ್ತೊಮ್ಮೆ ಅಂದಿರಿ. ಆಮೇಲೆ ವ್ಯಾಪಾರಿಯ ಹತ್ತಿರ ರಾಗಿಯ ಧಾರಣೆ ಕೇಳಿದಿರಿ.

ವಿಷಯಕ್ಕೆ ಬರುತ್ತೇನೆ. ಅತ್ತೆಯವರು ಬರುವ ಶುಕ್ರವಾರ ಬೆಳಗಿನ ಬಸ್ಸಿಗೆ ಮರಿಯನ್ನು ಕರೆದುಕೊಂಡು ಊರಿಗೆ ಹೊರಡುತ್ತಾರಂತೆ. ನಾನು ಕೆಲಸ ಬಿಟ್ಟರೆ ಜೊತೆಯಲ್ಲೇ ಬರಬಹುದು, ಬಿಡದಿದ್ದರೆ ತಿಂಗಳಿಗೊಮ್ಮೆ ಬಂದು ಮಗುವಿನ ಮುಖ ನೋಡಿಕೊಂಡು ಹೋಗಬಹುದು. ಇದು ಮಾವನವರ ತೀರ್ಮಾನ, ಇದಕ್ಕೆ ನಿಮ್ಮ ಒಪ್ಪಿಗೆಯೂ ಇದೆ ಎಂದು ಅತ್ತೆ ಹೇಳಿದರು. ಮರಿಗಿನ್ನೂ ವರ್ಷ ತುಂಬಿಲ್ಲ. ಅವನನ್ನು ಬಿಟ್ಟು ನಾನು ಇರಲಾರೆ ಎಂಬುದು ನಿಮಗೂ ಗೊತ್ತು, ಮಾವನವರಿಗೂ ಗೊತ್ತು. ಹಾಗಾಗಿ ಇದರ ಅರ್ಥ ಇಷ್ಟೇ, ಶುಕ್ರವಾರಕ್ಕೆ ನನ್ನ ಕೆಲಸ ಹೋಗುತ್ತದೆ.

ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ. ಯುಗಾದಿ ಕಳೆದ ವಾರ, ನಾನು ಕೆಲಸದಿಂದ ಬರುವ ಹೊತ್ತಿಗೆ ಮರಿ ವಾಂತಿ ಮಾಡಿಕೊಂಡು ಬಟ್ಟೆಯ ಹಾಗೆ ಬಿದ್ದಿದ್ದ. ಭೇದಿ ನಿಲ್ಲಲೇ ಇಲ್ಲ. ಆಸ್ಪತ್ರೆಯ ಜಗಲಿಯಲ್ಲಿ, ಊರಿನಿಂದ ಓಡಿಬಂದಿದ್ದ ಮಾವನವರು ಏನಾಯಿತು ಎಂದು ಕೇಳಿದಾಗ ನೀವು ಕಂಬಕ್ಕೆ ಒರಗಿ ನಿಂತು, "ತಂಗಳು ತಿನ್ನಿಸ್ತಾಳೆ ಅಪ್ಪಾಜಿ, ಸೀಸೆಲಿ ಇಟ್ಟು ಹೋಗ್ತಾಳೆ" ಅಂದಿರಿ. ನಾನು ಒಳಗೆ ಮಗುವಿನ ಬಾಯಿಗೆ ಗ್ಲೂಕೋಸ್ ನೀರು ಬಿಡುತ್ತಿದ್ದೆ. ನನಗೆ ಕೇಳಿಸಿತು. ಮರಿ ಉಳಿದ, ಅದೇ ನನ್ನ ಪುಣ್ಯ. ಆದರೆ ಆ ಮಾತೂ ಉಳಿದುಕೊಂಡಿತು. ಕೊಪ್ಪಲಿನ ನಲ್ಲಿಯ ಹತ್ತಿರ ಈಗಲೂ ನಾನು ಕೊಡ ಇಟ್ಟರೆ ಇಬ್ಬರು ಹೆಂಗಸರು ಮಾತು ನಿಲ್ಲಿಸುತ್ತಾರೆ.

ತಂಗಳು ಅಂದರೆ ಏನು ಎಂದು ನಾನು ಬಹಳ ಯೋಚಿಸಿದ್ದೇನೆ. ಸ್ವಿಚ್ ಬೋರ್ಡಿನ ಮುಂದೆ ಕೂತವಳಿಗೆ ಕೈಗೆ ಕೆಲಸ, ತಲೆಗೆ ಬಿಡುವು. ನಿಮ್ಮ ಊರಿನಲ್ಲೂ ನಮ್ಮ ಊರಿನಲ್ಲೂ ರಾತ್ರಿಯ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕದಡಿ ಕುಡಿದು ಹೊಲಕ್ಕೆ ಹೋಗುವವರಿದ್ದಾರೆ. ಅದು ಮೈಗೆ ತಂಪು, ಗಟ್ಟಿ ಜೀವ ಅನ್ನುತ್ತಾರೆ. ಮದುವೆಮನೆಯ ಹೋಳಿಗೆ ಮೂರನೆಯ ದಿನಕ್ಕೆ ಇನ್ನೂ ರುಚಿ ಅನ್ನುತ್ತಾರೆ. ಕೆಲಸಕ್ಕೆ ಹೋಗುವ ಹೆಂಗಸು ಬೆಳಗ್ಗೆ ಬೇಯಿಸಿ ಮಧ್ಯಾಹ್ನಕ್ಕೆ ಇಟ್ಟುಹೋದರೆ ಮಾತ್ರ ಅದು ತಂಗಳು. ಹಿಟ್ಟು ಒಂದೇ, ಒಲೆ ಒಂದೇ, ಹೆಸರು ಮಾತ್ರ ಇಟ್ಟವಳನ್ನು ನೋಡಿ ಬದಲಾಗುತ್ತದೆ. ಇರಲಿ, ಇದನ್ನೆಲ್ಲ ನಿಮಗೆ ಬರೆದು ಏನಾಗಬೇಕಿದೆ.

ಅತ್ತೆಯವರು ಬಂದ ದಿನದ ಕತೆ ಹೇಳುತ್ತೇನೆ. ಬಸ್ಸಿನಿಂದ ಇಳಿದು ಬಂದವರು ಕಾಲಿಗೆ ನೀರು ಹಾಕಿಕೊಂಡು ನೇರ ಅಡಿಗೆಮನೆಗೆ ಹೋದರು. ನೀರಿನ ಮಡಕೆಯ ಕೆಳಗಿದ್ದ ಸೀಸೆಗಳನ್ನು ತೆಗೆದು, ಅವುಗಳೊಳಗಿದ್ದ ಮರಿಯ ರಾಗಿ ಸರಿಯನ್ನೆಲ್ಲ ಮೋರಿಗೆ ಸುರಿದು, ಸೀಸೆಗಳನ್ನು ಹಿತ್ತಿಲಿನ ತುಳಸಿಗಿಡದ ಹತ್ತಿರ ಬೋರಲು ಹಾಕಿದರು. ಮಗುವನ್ನು ನೋಡಿಕೊಳ್ಳುವ ಕೆಂಚಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಿಂತಿದ್ದಳಂತೆ. ನಾನು ಬರುವ ಹೊತ್ತಿಗೆ ಮರಿ ಹಸಿದು ಅರಚುತ್ತಿದ್ದ, ಹಸಿ ಸೌದೆ ಹೊಗೆಯುತ್ತಿತ್ತು, ಅತ್ತೆಯ ಕಣ್ಣು ಕೆಂಪಾಗಿತ್ತು. ಊರಿನಿಂದ ತಂದಿದ್ದ ಬೆಳ್ಳಿಯ ಒಳಲೆಯಲ್ಲಿ ಸರಿಯನ್ನು ತೆಳುವಾಗಿ ಮಾಡಿ ಕುಡಿಸಲು ನೋಡಿದರೆ ಅವನು ತಲೆ ಕೊಡವಿ ಉಗಿದ. ಒಳಲೆಯಲ್ಲಿ ಕುಡಿಯುವ ವಯಸ್ಸು ಅವನಿಗೆ ದಾಟಿದೆ. ಚಮಚ ಕಂಡರೆ ಬಾಯಿ ತೆರೆಯುತ್ತಾನೆ, ಎರಡು ಹಲ್ಲು ಬಂದಿವೆ. ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೇ ಬರೆದೆ.

ನಾನು ಜಗಳವಾಡಲಿಲ್ಲ. ಜಗಳಕ್ಕೂ ತ್ರಾಣ ಬೇಕು. ಸರಿ ಅತ್ತೆ, ನಿಮ್ಮ ಪದ್ಧತಿಯಂತೆಯೇ ಆಗಲಿ ಅಂದೆ. ದಿನಕ್ಕೆ ಮೂರು ಸಲ ಒಲೆ ಹೊತ್ತಿಸಿ ಮೂರು ಸಲ ಬೇಯಿಸಿದರು. ಈ ಬೇಸಿಗೆಯಲ್ಲಿ, ಆ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ, ಮಂಡಿನೋವು ಇಟ್ಟುಕೊಂಡು. ನಾಲ್ಕನೆಯ ದಿನ ಮಧ್ಯಾಹ್ನ ಕೆಂಚಮ್ಮನನ್ನು ಕರೆದು, ನಮ್ ಸೊಸೆ ಸರೀನ ಅದೆಂಗೆ ಇಡ್ತಿದ್ಲು ತೋರ್ಸು ಅಂದರಂತೆ. ನಾನು ಬಂದ ಮೇಲೆ ನನ್ನನ್ನೇ ಕೇಳಿದರು. ಕೇಳಿದ್ದು ಪರೀಕ್ಷೆಗೆ, ಕಲಿಯುವುದಕ್ಕಲ್ಲ. ಆದರೂ ತೋರಿಸಿದೆ.

ನಿಮಗೂ ತಿಳಿದಿರಲಿ ಎಂದು ಬರೆಯುತ್ತೇನೆ, ಒಂದು ದಿನವೂ ನೀವು ಇದನ್ನು ಕೇಳಿದವರಲ್ಲ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಬೆಳಗಿನ ಜಾವ ಒಂದು ಪಾತ್ರೆಯಲ್ಲಿ ಸೀಸೆ, ಮುಚ್ಚಳ, ಚಮಚ ಎಲ್ಲ ಹಾಕಿ ಮರಳಿಸುತ್ತೇನೆ. ಇನ್ನೊಂದರಲ್ಲಿ ಸರಿ ಕುದಿಯುತ್ತದೆ. ಹಾಲು ಸೇರಿಸುವುದಿಲ್ಲ, ಹಾಲು ಬಿದ್ದರೆ ಬೇಗ ಕೆಡುತ್ತದೆ. ಉಣಿಸುವ ಹೊತ್ತಿಗೆ ಕೆಂಚಮ್ಮ ಹಾಲು ಕಾಯಿಸಿ ಬೆರೆಸುತ್ತಾಳೆ. ತಣ್ಣನೆಯ ಸೀಸೆಗೆ ಬಿಸಿ ಸುರಿದರೆ ಸೀಳು ಬಿಡುತ್ತದೆ, ಆದ್ದರಿಂದ ಸೀಸೆ ಬಿಸಿಯಿರುವಾಗಲೇ ತುಂಬಬೇಕು. ತುಂಬಿದ್ದನ್ನು ಸ್ವಲ್ಪ ಬಿಸಿ ಇಳಿದ ಮೇಲೆ ತಣ್ಣೀರಿನ ಬೋಗುಣಿಯಲ್ಲಿ ಇಟ್ಟು, ಮೇಲೆ ಶುದ್ಧ ಬಟ್ಟೆ ಹೊದಿಸಿ, ಪೂರ್ತಿ ಆರಿದ ಮೇಲೆ ಮುಚ್ಚಳ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವೆತು ಹುಳಿಯಾಗುತ್ತದೆ. ಮುಚ್ಚಳದೊಳಗಿನ ರಟ್ಟಿನ ಬಿಲ್ಲೆಯನ್ನು ಕಿತ್ತುಹಾಕಿದ್ದೇನೆ, ಅದು ವಾಸನೆ ಹಿಡಿಯುತ್ತದೆ. ಆಮೇಲೆ ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಕತ್ತಿನವರೆಗೆ ಹೂತಿಡುವುದು. ಆಸ್ಪತ್ರೆಯ ಡಾಕ್ಟರಮ್ಮ ಇದನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟರು. ಅರ್ಧ ನಾನು ಮೊದಲಿನಿಂದಲೇ ಮಾಡುತ್ತಿದ್ದದ್ದು.

ನಾನು ಬಾಣಂತಿಯಾಗಿದ್ದಾಗ ನೀವು ತಂದುಕೊಟ್ಟ ಹಾರ್ಲಿಕ್ಸಿನ ದೊಡ್ಡ ಸೀಸೆಯನ್ನು ಈಗ ಇದಕ್ಕೆ ಬಳಸುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಜಾಮಿನ ಮೂರು ಚಿಕ್ಕ ಸೀಸೆ ಕೊಟ್ಟರು. ಒಂದು ಹೊತ್ತಿಗೆ ಒಂದು ಸೀಸೆ. ಅದರಲ್ಲಿ ಎರಡು ಚಮಚ ಉಳಿದರೂ ಮೋರಿಗೆ. ಇದನ್ನು ಕೇಳಿ ಅತ್ತೆಗೆ ಸಿಟ್ಟು ಬಂತು. ಬಂದ ದಿನ ತಾವೇ ಸೀಸೆಗಟ್ಟಲೆ ಸುರಿದದ್ದು ಮರೆತು, "ಅನ್ನಪೂರ್ಣೇನ ಮೋರಿಗೆ ಸುರೀತೀಯಲ್ಲವ್ವ, ಕೈ ಎಂಗೆ ಬತ್ತದೆ ನಿಂಗೆ" ಅಂದರು. ನಾನು ಸೀಸೆ ತೊಳೆಯುತ್ತಾ ಇದ್ದೆ.

ಅವರ ದೊಡ್ಡ ತಕರಾರು ಗಾಜಿನದು. "ಗಾಜೊಳಗೆ ಮಗೀನ ಊಟ ಇಟ್ರೆ ಬಂದೋರು ಹೋದೋರ ಕಣ್ಣೆಲ್ಲಾ ಅದ್ರ ಮೇಲೇ ಕಣವ್ವ. ದೃಷ್ಟಿ ಆಗ್ದೆ ಇನ್ನೇನಾದಾತು? ನಮ್ಮ ಮಕ್ಳ ಊಟ ನಮಗೇ ಕಾಣ್ತಿರ್ಲಿಲ್ಲ" ಅಂದರು. ಕಂಚಿನ ಗಿಂಡಿಯಲ್ಲಿ ಇಡು ಅಂದರು. ಗಿಂಡಿಯ ಒಳಗೆ ಕಿಲುಬು ಹಿಡಿದರೆ ಕಾಣುವುದಿಲ್ಲ ಅತ್ತೆ, ಗಾಜಾದರೆ ಒಂದು ಕಲೆ ಇದ್ದರೂ ಕಣ್ಣಿಗೆ ಬೀಳುತ್ತದೆ ಅಂದೆ. ಮಾರನೆಯ ದಿನ ತಮ್ಮ ಹಳೆಯ ಇಳಕಲ್ ಸೀರೆಯ ಅಂಚು ಬಿಟ್ಟು ಮೈ ಹರಿದು, ಮೂರು ಸೀಸೆಗೂ ಲಾಡಿ ಇರುವ ಗವಸು ಹೊಲಿದಿಟ್ಟಿದ್ದರು. ಯಾರ ಕಣ್ಣಿಗೂ ಕಾಣದ ಹಾಗೆ. ಕೆಂಚಮ್ಮ ಅದನ್ನು ಬಿಚ್ಚುವ ಗೋಜಿಗೆ ಹೋಗದೆ ಗವಸಿನ ಸಮೇತ ನೀರಿನಲ್ಲಿ ಅದ್ದಿ ಮರಳಿನಲ್ಲಿ ಇಟ್ಟಳು. ಒದ್ದೆ ಬಟ್ಟೆಯೊಳಗೆ ಸೀಸೆ ಮೊದಲಿಗಿಂತ ತಣ್ಣಗಿತ್ತು. ನಾನು ಇಷ್ಟು ಓದಿದವಳು, ನನಗೆ ಇದು ಹೊಳೆದಿರಲಿಲ್ಲ. ಹಾಗೆಂದು ಅತ್ತೆಗೆ ಹೇಳಿದೆ. ಅವರು ನಕ್ಕದ್ದನ್ನು ನಾನು ಮದುವೆಯಾದಾಗಿನಿಂದ ಎರಡನೆಯ ಸಲ ನೋಡಿದೆ.

ಮೊನ್ನೆ ಮಧ್ಯಾಹ್ನ ನಾನು ಬೇಗ ಬಂದೆ. ಅತ್ತೆ ಮೂರನೆಯ ಸೀಸೆಯನ್ನು ಬಿಚ್ಚಿ, ಮೂಸಿ, ಬೆರಳ ತುದಿಗೆ ಒಂಚೂರು ತೆಗೆದುಕೊಂಡು ನಾಲಗೆಗೆ ಇಟ್ಟುಕೊಂಡು ನೋಡುತ್ತಿದ್ದರು. "ಒಲೆಯಿಂದ ಇಳ್ಸಿದಂಗೇ ಅದೆ" ಅಂದರು. ಆಮೇಲೆ ಆ ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ನನ್ನನ್ನು ಕೂರಿಸಿಕೊಂಡು ಕೇಳಿದರು. ಇಷ್ಟು ಎಚ್ಚರ ಇರೋಳು ನೀನು, ಹಂಗಾದ್ರೆ ಅವತ್ತು ಮಗೀಗೆ ಯಾಕೆ ಕೆಟ್ಟೋಯ್ತು? "ಕಾರಣ ಹೇಳು. ಕಾರಣ ಗೊತ್ತಾದ್ರೆ ಮಗೀನ ಇಲ್ಲೇ ಬುಟ್ಟು ನಾನೊಬ್ಳೇ ಹೊಯ್ತೀನಿ, ನಿಮ್ಮ ಮಾವಂಗೆ ನಾನೇ ಹೇಳ್ಕತೀನಿ. ಗೊತ್ತಿಲ್ದೆ ಎಂಗೆ ಬುಟ್ಟೋಗ್ಲಿ? ನಾಳೆ ಇನ್ನೊಂದ್ಸಲ ಆದ್ರೆ?"

ಆಗ ಒಂದು ಮಾತು ಹೇಳಿದರು, ನಿಮಗೆ ಗೊತ್ತಿದೆಯೋ ಇಲ್ಲವೋ. ನಿಮಗಿಂತ ಮುಂಚೆ ಅವರಿಗೆ ಒಂದು ಹೆಣ್ಣು ಮಗುವಿತ್ತು. ಕೂಸಿಗೆ ಅಂಬೆಗಾಲು ಬರುವ ಮುಂಚೆ ಹೀಗೇ ಭೇದಿಯಾಗಿ ಒಂದೇ ಹಗಲಿನಲ್ಲಿ ಹೋಯಿತು. ಏನು ತಿಂದು ಹಾಗಾಯಿತು ಎಂದು ಯಾರೂ ಹೇಳಲಿಲ್ಲ, ಅವರು ಇವತ್ತಿನವರೆಗೂ ಒಂದೊಂದನ್ನೇ ನೆನೆಸಿಕೊಳ್ಳುತ್ತಾರಂತೆ. ನಾನು ಅವರನ್ನು ಮಗು ಕಿತ್ತುಕೊಳ್ಳಲು ಬಂದವರೆಂದು ತಿಳಿದಿದ್ದೆ. ಅವರು ಹೆದರಿಕೊಂಡು ಬಂದವರು.

ನಾನು ಗೊತ್ತಿಲ್ಲ ಅತ್ತೆ ಅಂದೆ. ಅವರು "ಹಂಗಾದ್ರೆ ಶುಕ್ರವಾರ ಹೊಯ್ತೀವಿ ಕಣವ್ವ" ಅಂದು ಎದ್ದರು. ಅದಾದ ಮೇಲೆ ಆ ಮಾತು ತೆಗೆದಿಲ್ಲ. ಮರಿಯ ಬಟ್ಟೆಗಳನ್ನು ಒಗೆದು ಮಡಿಚಿ ಇಡುತ್ತಿದ್ದಾರೆ. ನಾನೂ ರಾಜೀನಾಮೆಯ ಕಾಗದ ಬರೆಯಬೇಕು, ಇನ್ನೂ ಬರೆದಿಲ್ಲ. ಆ ಕೆಲಸದ ಮೇಲೆ ನನಗೆ ಅಷ್ಟು ಮೋಹವೇ ಎಂದು ನೀವು ಒಂದು ಸಲ ಕೇಳಿದ್ದಿರಿ. ಬೆನ್ನು ನೋಯುತ್ತದೆ, ಕಿವಿ ಗುಂಯ್‌ಗುಡುತ್ತದೆ, ಬೈಗುಳ ಕೇಳಬೇಕು. ಆದರೂ ಹೌದು, ಮೋಹ ಇದೆ. ಊರೆಲ್ಲ ಮಾತಾಡುವುದು ನನ್ನ ಕೈಯಿಂದ ಎಂದು ಒಳಗೊಳಗೇ ಜಂಬ ಇದೆ. ಅದನ್ನು ಕಳೆದುಕೊಂಡರೆ ನಾನು ಸಾಯುವುದಿಲ್ಲ, ಆದರೆ ಅಳುತ್ತೇನೆ.

ಆದ್ದರಿಂದ ನೀವು ಗುರುವಾರದೊಳಗೆ ಒಂದು ಸಲ ಬರಬೇಕು. ಬಂದು ಜಗಳವಾಡಿ ಎಂದು ಕರೆಯುತ್ತಿಲ್ಲ, ನನ್ನ ಪರ ವಹಿಸಿ ಎಂದೂ ಕೇಳುತ್ತಿಲ್ಲ. ಅತ್ತೆ ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮನ್ನೂ ಕೇಳಲಿ, ಅಷ್ಟೇ. ಮರಿ ಎದ್ದ ಹಾಗಿದೆ, ಚಾಪೆಯ ಮೇಲೆ ಕಾಲು ಬಡಿಯುವ ಸದ್ದು ಬರುತ್ತಿದೆ. ಮಾವನವರಿಗೆ ನಮಸ್ಕಾರ ತಿಳಿಸಿ.

ಇಂತಿ,
ಈ ಮನೆಯಲ್ಲಿ ಇನ್ನೂ ನಾಲ್ಕು ದಿನ ಇರುವ,
ಪ್ರೇಮಲೀಲಾ

ತಾ.ಕ. ಲಕೋಟೆ ಅಂಟಿಸುವ ಮುಂಚೆ ಮತ್ತೆ ಕಾಗದ ಹೊರಗೆ ತೆಗೆದೆ. ಅತ್ತೆಗೆ "ಗೊತ್ತಿಲ್ಲ" ಅಂದೆನಲ್ಲ, ಅದು ಸುಳ್ಳು. ನೀವು ಊರಿಗೆ ಹೋದ ಮೇಲೆ ಒಂದು ದಿನ ಕೆಂಚಮ್ಮ ಹೊಸಿಲಲ್ಲಿ ಕೂತು ಅಳುತ್ತಾ ಎಲ್ಲ ಹೇಳಿದಳು. ಅವತ್ತು ನಿಮಗೆ ತಲೆನೋವೆಂದು ಅಂಗಡಿಯಿಂದ ಬೇಗ ಬಂದಿರಂತೆ. ಮರಿ ಅಳುತ್ತಿದ್ದ, ಅವಳು ನಲ್ಲಿಗೆ ಹೋಗಿದ್ದಳು. ಮಧ್ಯಾಹ್ನ ಅವಳು ಹಾಲು ಬೆರೆಸಿ ಉಣಿಸಿ ಉಳಿದ ಅರ್ಧ ಸೀಸೆ ಸರಿ, ಚೆಲ್ಲಲು ಮನಸ್ಸು ಬಾರದೆ, ಚಮಚದ ಸಮೇತ ನಡುಮನೆಯ ಕಿಟಕಿಯ ಬಿಸಿಲಲ್ಲಿ ಇತ್ತು. ನೀವು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನೇ ತಿನ್ನಿಸಿದಿರಿ. ಅವಳು ಬಂದು "ಅದು ಎಂಜ್ಲು ಸಾಮಿ, ಬ್ಯಾಡಿ" ಅಂದರೆ, ಮಕ್ಕಳಿಗೆ ಎಂಜಲುಂಟೇನು ಕೆಂಚಮ್ಮ ಎಂದು ನಕ್ಕಿರಂತೆ. ಎಲ್ಲರೂ ಹಾಗೇ ಅನ್ನುತ್ತಾರೆ, ನನ್ನ ತಾಯಿಯೂ ಅನ್ನುತ್ತಿದ್ದಳು. ಮಗುವಿನ ಬಾಯಿಗೆ ಹೋಗಿ ಬಂದ ಚಮಚ ಮತ್ತೆ ಸೀಸೆಗೆ ಬಿದ್ದರೆ ಸರಿ ಕೆಡುತ್ತದೆ ಎಂದು ಡಾಕ್ಟರಮ್ಮ ಹೇಳುವವರೆಗೆ ನನಗೂ ತಿಳಿದಿರಲಿಲ್ಲ. "ನೋಡು, ನನ್ನ ಕೈಲಿ ಪೂರ್ತಿ ತಿಂದ" ಎಂದು ಖಾಲಿ ಸೀಸೆ ಎತ್ತಿ ತೋರಿಸಿದಿರಂತೆ.

ಅತ್ತೆಯ ಮುಂದೆ ಹೇಳು ಅಂದರೆ ಅವಳು ಅಯ್ಯನೋರ ಮೇಲೆ ಎಂಗೆ ಯೋಳ್ಲಿ ಅನ್ನುತ್ತಾಳೆ. ನಾನು ಹೇಳಿದರೆ ಅದು ಸೊಸೆಯ ಚಾಡಿ. ನೀವು ಹೇಳಿದರೆ ಅತ್ತೆ ನಿಮ್ಮನ್ನು ಬೈಯುತ್ತಾರೆ, ಅಳುತ್ತಾರೆ, ಶುಕ್ರವಾರ ಒಬ್ಬರೇ ಬಸ್ಸು ಹತ್ತುತ್ತಾರೆ. ನಾನು ದೊಡ್ಡ ಮನಸ್ಸಿನವಳೆಂದು ತಿಳಿಯಬೇಡಿ. ನನಗೆ ಸಿಟ್ಟಿದೆ. ತಿನ್ನಿಸಿದ್ದಕ್ಕಲ್ಲ, ಕಂಬಕ್ಕೆ ಒರಗಿ ತಂಗಳು ಅಂದದ್ದಕ್ಕೆ. ನೀವು ನನ್ನ ಮೇಲೆ ಮುನಿಸಿಕೊಂಡು ಹೋದಿರೆಂದು ಕೊಪ್ಪಲೆಲ್ಲ ತಿಳಿದಿದೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ನೀವು ಮರಿಯನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಅಳುತ್ತಿದ್ದರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿರುತ್ತಿದ್ದಿರಿ. ಅದು ಮುನಿಸಲ್ಲ ಎಂದು ನನಗೆ ಗೊತ್ತಿದೆ.

ನಿಮ್ಮ ಕೈಯಲ್ಲಿ ಅವನು ಪೂರ್ತಿ ತಿಂದ ಊಟ ಅದೊಂದೇ. ಅದೇ ಕೊನೆಯದಾಗುವುದು ಬೇಡ. ಬನ್ನಿ, ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಿ, ಉಳಿದದ್ದನ್ನು ಚೆಲ್ಲಿ.